ಹೌದು, ಇದೆ. ಬೆಡ್‌ಶೀಟ್ ಕೆಳಗೆ

"ನಿಮ್ಮ ಸ್ಕೂಲಲ್ಲಿ ಸ್ಮಾರ್ಟ್ ಕ್ಲಾಸ್ ಇದೆಯಾ?"

ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗ ಒಬ್ಬರು. ಬಸ್ಸಲ್ಲಿ ಪಕ್ಕದ ಸೀಟಿನವರು. ಹಬ್ಬಕ್ಕೆ ಬೆಂಗಳೂರಿಂದ ಬಂದ ಭಾವ. ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು ಅಂತ ಗೊತ್ತಾದ ಎರಡನೇ ನಿಮಿಷಕ್ಕೆ ಈ ಪ್ರಶ್ನೆ ಬಂದೇ ಬರುತ್ತದೆ. ಮೊದಲೆಲ್ಲ "ಕಂಪ್ಯೂಟರ್ ಇದೆಯಾ" ಅಂತಿತ್ತು. ಆಮೇಲೆ ಪ್ರೊಜೆಕ್ಟರ್ ಆಯಿತು. ಇಷ್ಟು ವರ್ಷ ನಗುನಗುತ್ತಾ ಉತ್ತರ ಕೊಟ್ಟೆ. ಇನ್ನು ಬರೆದೇ ಬಿಡುತ್ತೇನೆ. ಮುಂದಿನ ಸಲ ಕೇಳಿದವರಿಗೆ ಇದನ್ನು ಕಳಿಸಿ ಹೋಳಿಗೆ ಕಡೆ ಗಮನ ಕೊಡಬಹುದು.

ಇದೆ. ದಾನಿಗಳು ಕೊಟ್ಟ ದೊಡ್ಡ ಟಿವಿ. ಟೇಪ್ ಕತ್ತರಿಸಿ, ಹಾರ ಹಾಕಿ, ಫೋಟೋ ತೆಗೆದು ಹೋದರು. ಮಾರನೇ ದಿನ ಅದು ಸ್ಟಾಕ್ ರಿಜಿಸ್ಟರಿಗೆ ಏರಿತು. ಸ್ಟಾಕ್ ರಿಜಿಸ್ಟರ್ ಅಂದರೇನು ಅಂತ ಖಾಸಗಿ ಕಂಪನಿಯವರಿಗೆ ಹೇಳಬೇಕಾಗುತ್ತದೆ: ಒಡೆದರೆ ಉತ್ತರ ಕೊಡಬೇಕಾದವರ ಹೆಸರು ಅದರಲ್ಲಿರುತ್ತದೆ. ನಮ್ಮ ಹೆಡ್‌ಮಾಸ್ಟರು ಮನೆಯಿಂದ ಹೂವಿನ ಡಿಸೈನಿನ ಹಳೇ ಬೆಡ್‌ಶೀಟ್ ತಂದು ಹೊದಿಸಿದರು. ರೂಮಿಗೆ ಬೀಗ. ಆ ವರ್ಷ ಅದನ್ನು ಆನ್ ಮಾಡಿದ್ದು ಜಾಸ್ತಿಯೋ, ಕುಂಕುಮ ಹಚ್ಚಿದ್ದು ಜಾಸ್ತಿಯೋ ಅಂತ ಕೇಳಿದರೆ ನನಗೆ ನಿಜಕ್ಕೂ ಅನುಮಾನ. ಆಯುಧಪೂಜೆಗಂತೂ ತಪ್ಪಲಿಲ್ಲ.

ನಗಬೇಡಿ. ನಿಮ್ಮ ಮನೆಯ ಬೆಳ್ಳಿ ಲೋಟ ಎಷ್ಟು ಸಲ ಹೊರಗೆ ಬರುತ್ತದೆ?

ನನಗೆ ಸಿಟ್ಟು ಬರುವುದು ಆ "ಇದೆಯಾ" ಅನ್ನುವ ಪದಕ್ಕೆ. ಅಡುಗೆ ಮನೆಯಲ್ಲಿ ಬಾಣಲೆ ಇದೆಯಾ ಅಂತ ಯಾರಾದರೂ ಕೇಳುತ್ತಾರಾ? ಏನು ಕರಿದಿರಿ ಅಂತ ಕೇಳುತ್ತಾರೆ. ಜೊತೆಗೆ ಆ ಪ್ರಶ್ನೆಯ ಹಿಂದೆ ಇನ್ನೊಂದು ಮಾತು ಅಡಗಿರುತ್ತದೆ. ಸರ್ಕಾರಿ ಮೇಡಂ, ಪಾಪ, ಇವಳಿಗೆ ಮೌಸ್ ಹಿಡಿಯಲು ಬರುತ್ತಾ? ಸ್ವಾಮಿ, ನಾನು ಸ್ಯಾಟ್ಸ್ ಅನ್ನುವ ಇಲಾಖೆಯ ವೆಬ್‌ಸೈಟಿನಲ್ಲಿ ಮಕ್ಕಳ ವಿವರ ತುಂಬುತ್ತೇನೆ. ಹಾಲಿನ ಲೆಕ್ಕ, ಮೊಟ್ಟೆ ಲೆಕ್ಕ, ಬಾಳೆಹಣ್ಣಿನ ಲೆಕ್ಕ ಕಳಿಸುತ್ತೇನೆ. ಗಿಡ ನೆಟ್ಟರೆ ಗಿಡದ ಜೊತೆ ಫೋಟೋ, ಕೈ ತೊಳೆದರೆ ಕೈಯ ಫೋಟೋ, ಹನ್ನೊಂದು ವಾಟ್ಸಾಪ್ ಗ್ರೂಪಿಗೆ. ನನಗೆ ತಂತ್ರಜ್ಞಾನ ಕಮ್ಮಿಯಾಗಿಲ್ಲ. ಪಾಠ ಮಾಡುವ ಹೊತ್ತು ಕಮ್ಮಿಯಾಗಿದೆ. "ಎಐ ಬಂದರೆ ನಿಮ್ಮ ಕೆಲಸ ಹೋಗುತ್ತಲ್ವಾ?" ಅಂತ ಭಾವ ಈ ಸಲ ಕೇಳಿದರು. ಹೋಗಲಿ ಬಿಡಿ ಭಾವ, ಮೊದಲು ಆ ಮೊಟ್ಟೆ ಲೆಕ್ಕ ಬರೆಯಲಿ ಅಂದೆ.

2020ರಲ್ಲಿ ಶಾಲೆ ಮುಚ್ಚಿತ್ತಲ್ಲ, ಆಗ ಇದೇ ಜನ "ಆನ್‌ಲೈನ್ ಕ್ಲಾಸ್ ಮಾಡ್ತಿದ್ದೀರಾ" ಅಂತ ಕೇಳುತ್ತಿದ್ದರು. ಮಾಡುತ್ತಿದ್ದೆ. ನನ್ನ ಕ್ಲಾಸಿನ ಒಬ್ಬ ಹುಡುಗನ ಮನೆಯಲ್ಲಿ ಇದ್ದದ್ದು ಒಂದೇ ಫೋನು. ಅದು ಬೆಳಗ್ಗೆ ಅವರಪ್ಪನ ಜೊತೆ ಗಾರೆ ಕೆಲಸಕ್ಕೆ ಹೋಗಿ ರಾತ್ರಿ ವಾಪಸ್ ಬರುತ್ತಿತ್ತು. ಹೋಂವರ್ಕಿನ ಫೋಟೋ ನನಗೆ ಬರುತ್ತಿದ್ದದ್ದು ಹತ್ತೂವರೆ ಮೇಲೆ. ಫೋಟೋದ ಮೂಲೆಯಲ್ಲಿ ಊಟದ ತಟ್ಟೆಯ ಅಂಚು. ಆ ಆಗಸ್ಟಿನಲ್ಲಿ ಸರ್ಕಾರದ ವಿದ್ಯಾಗಮ ಯೋಜನೆ ಶುರುವಾದಾಗ ನಾವು ಊರಿಗೇ ಹೋಗಿ ಅರಳಿಕಟ್ಟೆಯಲ್ಲಿ ಪಾಠ ಮಾಡಿದೆವು. ಅವನು ದಿನಾ ಬಂದ. ಅಕ್ಟೋಬರಿನಲ್ಲಿ ಅದೂ ನಿಂತಿತು, ಮತ್ತೆ ಹತ್ತೂವರೆಯ ಫೋಟೋ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. "ಪ್ರತಿ ಮಗು ತನ್ನ ವೇಗದಲ್ಲಿ ಕಲಿಯುತ್ತೆ" ಅಂತ ಈಗ ಆ್ಯಪ್ ಮಾರುವವರು ಮನೆ ಬಾಗಿಲಿಗೆ ಬರುತ್ತಾರೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ, ಸರ್ಕಾರಿ ಪ್ರಾಥಮಿಕ ಶಾಲೆಗಳ ನಲಿಕಲಿ ಪದ್ಧತಿ ಇದನ್ನೇ ಮಾಡಿತ್ತು. ರಟ್ಟಿನ ಕಾರ್ಡು, ಗೋಡೆ ಮೇಲೊಂದು ಕಲಿಕಾ ಏಣಿ. ಮಗು ತಾನು ಯಾವ ಮೆಟ್ಟಿಲಲ್ಲಿದೆ ಅಂತ ತಾನೇ ನೋಡಿಕೊಂಡು ಕಾರ್ಡ್ ಎತ್ತಿಕೊಳ್ಳುತ್ತದೆ. ಚಾರ್ಜ್ ಮಾಡುವ ಗೋಜಿಲ್ಲ, ಚಂದಾ ಕಟ್ಟಬೇಕಿಲ್ಲ. ಅದನ್ನು ಯಾರೂ ತಂತ್ರಜ್ಞಾನ ಅನ್ನುವುದಿಲ್ಲ, ಯಾಕೆಂದರೆ ಅದಕ್ಕೆ ವೈರ್ ಇಲ್ಲ.

ಸರಿ. ಯಾರೂ ಕೇಳದ ಪ್ರಶ್ನೆ ಒಂದಿದೆ: "ಆ ಟಿವಿಯಲ್ಲಿ ಏನು ನೋಡಿದಿರಿ?"

ಈರುಳ್ಳಿ ಸಿಪ್ಪೆ ನೋಡಿದೆವು. ಒಂಬತ್ತನೇ ಕ್ಲಾಸು, ಜೀವಕೋಶದ ಪಾಠ. ನಲವತ್ತೆರಡು ಮಕ್ಕಳು, ಒಂದು ಮೈಕ್ರೋಸ್ಕೋಪು. ಸಾಲಾಗಿ ಬಂದು ಒಂದೊಂದೇ ಕಣ್ಣಿಟ್ಟು "ಕಾಣಿಸ್ತು ಮಿಸ್" ಅಂತ ಹೋಗುತ್ತಾರೆ. ಎಲ್ಲರಿಗೂ ಕಾಣಿಸುತ್ತದೆ! ನಂಗೆ ಅನುಮಾನ ಬಂದು, ಕಂಡದ್ದನ್ನು ಚಿತ್ರ ಬರೀರಿ ಅಂದೆ. ಒಬ್ಬಳು ದುಂಡಗೆ ಬರೆದು ಒಳಗೆ ನಾಲ್ಕೈದು ಬಾಗಿದ ಕಪ್ಪು ಗೆರೆ ಎಳೆದಿದ್ದಳು. ಅವಳು ಇಷ್ಟು ಹೊತ್ತು ನೋಡಿದ್ದು ತನ್ನದೇ ಕಣ್ಣಿನ ರೆಪ್ಪೆಗೂದಲು.

ಅವತ್ತು ನಾನೇ ಹೋಗಿ ಬೀಗದ ಕೈ ಇಸಕೊಂಡು ಬಂದೆ. ನನ್ನ ಫೋನನ್ನು ಮೈಕ್ರೋಸ್ಕೋಪಿನ ಮೇಲೆ ಹಿಡಿದು ಟಿವಿಗೆ ಜೋಡಿಸಿದೆ. ಕೈ ನಡುಗಿ ಮೊದಲು ಏನೂ ಕಾಣಲಿಲ್ಲ. ಆಮೇಲೆ ಒಮ್ಮೆಲೇ ಬಂತು. "ಅಯ್ಯೋ, ಇಟ್ಟಿಗೆ ಗೋಡೆ!" ಅಂದರು. ಮಧ್ಯದಲ್ಲಿ ದಪ್ಪ ಕಪ್ಪು ಅಂಚಿನ ಒಂದು ಉಂಗುರ. ಕೋಶಕೇಂದ್ರ ಅಂತ ಅರ್ಧ ಕ್ಲಾಸು, ಅಲ್ಲ ಗಾಳಿಗುಳ್ಳೆ ಅಂತ ರೆಪ್ಪೆಗೂದಲಿನ ಹುಡುಗಿ. ಗಾಜನ್ನು ಮೆಲ್ಲಗೆ ಒತ್ತಿದೆ. ಉಂಗುರ ಜಾರಿ ಹೋಯಿತು. ಅವಳ ಮುಖ ನೋಡಬೇಕಿತ್ತು.

ನನ್ನ ಮರ್ಯಾದೆ ಹೋದದ್ದನ್ನೂ ಹೇಳಬೇಕಲ್ಲ. ಅದೇ ಹುಮ್ಮಸ್ಸಿನಲ್ಲಿ ಹತ್ತನೇ ಕ್ಲಾಸಿಗೆ ಬೀಜ ಮೊಳೆಯುವ ವಿಡಿಯೋ ಹಾಕಿದೆ. ಟಿವಿ ಮೇಲೆ ಬೆಳಕು ಬೀಳುತ್ತದೆ ಅಂತ ಕಿಟಕಿ ಮುಚ್ಚಿಸಿದೆ. ಕಿಟಕಿ ಆಚೆ ಕಾಂಪೌಂಡು, ಕಾಂಪೌಂಡಿನಾಚೆ ಆಗಷ್ಟೇ ಮೊಳೆತ ರಾಗಿ ಹೊಲ. ಮಣ್ಣು ಸೀಳಿ ಎರಡು ದಪ್ಪ ಎಲೆ ಬಿಚ್ಚಿಕೊಂಡವು, ಹಿಂದೆ ಸಂಗೀತ. ಕೊನೇ ಬೆಂಚಿನವನು ಕೈ ಎತ್ತಿದ.

"ಮಿಸ್, ನಮ್ಮ ರಾಗಿ ಹಿಂಗೆ ಬರಲ್ಲ. ಒಂದೇ ಎಲೆ ಬರೋದು."

ಅವರಪ್ಪ ಬಿತ್ತಿದ ಹೊಲವನ್ನು ಕಿಟಕಿ ಮುಚ್ಚಿ ಮರೆ ಮಾಡಿ, ಯಾವುದೋ ಊರಿನ ಅವರೆ ಕಾಳು ತೋರಿಸುತ್ತಿದ್ದೆ ನಾನು. "ಹೌದಾ? ತಗೊಂಡು ಬಾ ನೋಡೋಣ" ಅಂತ ಮಾತ್ರ ಅಂದೆ, ಸ್ವಲ್ಪ ಬಿಗುಮಾನದಿಂದಲೇ.

ಮಾರನೇ ದಿನ ಜಾಮಿಟ್ರಿ ಬಾಕ್ಸಿನಲ್ಲಿ ಒದ್ದೆ ಬಟ್ಟೆ ಸುತ್ತಿ ನಾಲ್ಕು ರಾಗಿ ಸಸಿ ತಂದ. ಕೈವಾರ, ಕೋನಮಾಪಕ ಎಲ್ಲಾ ಮಣ್ಣು. ಫೋನ್ ಹತ್ತಿರ ಹಿಡಿದೆವು. ಕೂದಲೆಳೆಯಂಥ ಬೇರು, ಒಂದೇ ಒಂದು ಸಣ್ಣ ಎಲೆ, ತುದಿಯಲ್ಲಿ ನೀರಿನ ಹನಿ, ಆ ಟಿವಿ ತುಂಬಾ. ಕಾಳು ಇನ್ನೂ ಬುಡಕ್ಕೆ ಅಂಟಿಕೊಂಡೇ ಇತ್ತು. ಮುಂದಿನವರು ಎದ್ದು ನಿಂತರು, ಹಿಂದಿನವರು ಕೂತ್ಕೊಳ್ರೋ ಅಂತ ಕೂಗಿದರು.

ಗದ್ದಲ ಕೇಳಿ ಹೆಡ್‌ಮಾಸ್ಟರು ಬಾಗಿಲಿಗೆ ಬಂದರು. ಕೈಯಲ್ಲಿ ಬೆಡ್‌ಶೀಟ್ ಮಡಿಚಿ ಹಿಡಿದಿದ್ದರು.

"ಮುಗೀತಾ ಮೇಡಂ?"

"ಇಲ್ಲ ಸರ್, ಒಳಗೆ ಬನ್ನಿ. ಅಲ್ಲಿಂದ ಕಾಣಲ್ಲ."