ಬೆಂಡಿನ ಒಳಮೈಯಲ್ಲಿ ನೆರಿಗೆ ಬಂದರೆ ಮೊದಲು ಪಿನ್ ನೋಡಿ

ತಾಮ್ರದ ಪೈಪ್ ಬಗ್ಗಿಸುವಾಗ ಒಳಮೈಯಲ್ಲಿ, ಅಂದರೆ ಬಾಗಿನ ಒಳಬದಿಯಲ್ಲಿ, ನೆರಿಗೆ ಬಿದ್ದರೆ ನಾನು ಪೈಪನ್ನೇ ಬಯ್ಯುತ್ತಿದ್ದೆ. ಮಾಲು ಸರಿಯಿಲ್ಲ ಅನ್ನುತ್ತಿದ್ದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ದಿನ 22 ಎಂಎಂ ಪೈಪಿನಲ್ಲಿ ಸಾಲಾಗಿ ನಾಲ್ಕು ಬೆಂಡ್ ಹಾಳಾದವು. ಅದೇ ಕಟ್ಟಿನ ಪೈಪನ್ನು ನಮ್ಮ ಮೇಸ್ತ್ರಿ ತಮ್ಮ ಬೆಂಡರಿನಲ್ಲಿ, ಅಂದರೆ ಪೈಪ್ ಬಗ್ಗಿಸುವ ಸಾಧನದಲ್ಲಿ, ಬಗ್ಗಿಸಿದರು. ನುಣ್ಣಗೆ ಬಂತು.

ಹಾಗಾದರೆ ನನ್ನ ಬೆಂಡರಿನಲ್ಲಿ ಪೈಪನ್ನು ಒತ್ತುವ ರೋಲರ್ ಲೂಸ್ ಆಗಿರಬೇಕು ಅಂತ ಅಡ್ಜಸ್ಟಿಂಗ್ ಸ್ಕ್ರೂ ಬಿಗಿ ಮಾಡಿದೆ. ನೆರಿಗೆ ಹೋಯಿತು. ಆದರೆ ಬೆಂಡ್ ಇರುವ ಜಾಗದಲ್ಲಿ ಪೈಪ್ ಕತ್ತು ಹಿಸುಕಿದ ಹಾಗೆ ಸಣ್ಣದಾಯಿತು. ಸ್ವಲ್ಪ ಸಡಿಲ ಮಾಡಿದರೆ ಮತ್ತೆ ನೆರಿಗೆ. ಮಧ್ಯದಲ್ಲಿ ಎಲ್ಲೂ ನಿಲ್ಲುತ್ತಿರಲಿಲ್ಲ.

ಮೇಸ್ತ್ರಿ ಬಂದು, "ಸ್ಕ್ರೂ ಬಿಡಪ್ಪಾ. ಹ್ಯಾಂಡಲ್ ಹಿಡಿದು ಅಡ್ಡಕ್ಕೆ ಅಲ್ಲಾಡಿಸು" ಅಂದರು. ಅಲ್ಲಾಡಿಸಿದೆ, ಟಕ್ ಟಕ್ ಅಂತು. ಹ್ಯಾಂಡಲ್ ತಿರುಗುವ ನಡುವಿನ ಪಿನ್ ಬಿಚ್ಚಿ ಅದರ ಮೇಲೆ ಉಗುರು ಎಳೆದಾಗ ಒಂದು ಕಡೆ ಮೆಟ್ಟಿಲಿನ ಹಾಗೆ ತಡೆಯಿತು. ಅಷ್ಟು ಸವೆದಿತ್ತು. ಅದೂ ಅಸಲಿ ಪಿನ್ ಅಲ್ಲ. ಹಿಂದೆ ಯಾರೋ ಉದ್ದಕ್ಕೂ ಮರೆ (ತಿರುಪಿನ ಸುತ್ತು) ಇರುವ ಬೋಲ್ಟ್ ಹಾಕಿದ್ದರು. ಬೋಲ್ಟಿನ ಮರೆ ಅರದ ಹಾಗೆ ಪಿನ್ ಕೂರುವ ತೂತನ್ನೇ ತಿಂದು ಮೊಟ್ಟೆಯಾಕಾರ ಮಾಡಿತ್ತು.

ಪಿನ್ನಿನಲ್ಲಿ ಆಟ, ಅಂದರೆ ಸಡಿಲ ಇದ್ದರೆ ರೋಲರ್ ಒತ್ತುವ ಜಾಗ ಬಗ್ಗಿಸುತ್ತಾ ಬಗ್ಗಿಸುತ್ತಾ ಬದಲಾಗುತ್ತದೆ. ಒತ್ತಡ ಕಡಿಮೆಯಾದ ಕಡೆ ಒಳಮೈ ನೆರಿಗೆಯಾಗುತ್ತದೆ, ಜಾಸ್ತಿಯಾದ ಕಡೆ ಪೈಪ್ ಚಪ್ಪಟೆಯಾಗುತ್ತದೆ. ಸ್ಕ್ರೂ ಎಷ್ಟು ತಿರುಗಿಸಿದರೂ ಇದು ಸರಿಹೋಗುವುದಿಲ್ಲ. ತೂತನ್ನು ಗುಂಡಗೆ ದೊಡ್ಡದು ಮಾಡಿಸಿ, ಅದಕ್ಕೆ ಸರಿಯಾಗಿ ಕೂರುವ ನುಣುಪಾದ ಪಿನ್ ಹಾಕಿದ ಮೇಲೆ ಮೊದಲ ಬೆಂಡೇ ಸರಿಬಂತು.

ಪಿನ್ ಸವೆಯುವುದಕ್ಕೆ ನಮ್ಮದೇ ಒಂದು ಕೆಟ್ಟ ಅಭ್ಯಾಸ ಕಾರಣ. ಕೈಗೆ ಭಾರ ಅನ್ನಿಸಿದಾಗ ಹ್ಯಾಂಡಲಿಗೆ ಉದ್ದ ಪೈಪ್ ತೂರಿಸಿ ಎಳೆಯುತ್ತೇವೆ, ಅಲ್ವಾ? ಆ ಬಲವೆಲ್ಲ ಪಿನ್ ಮೇಲೇ ಬೀಳುತ್ತದೆ. ಭಾರ ಆಯಿತು ಅಂದರೆ ರೋಲರ್ ಹಿಡಿದುಕೊಂಡಿದೆ, ಇಲ್ಲವೇ ಪೈಪ್ ಆ ಡೈಗೆ (ಪೈಪ್ ಕೂರುವ ಕಾಲುವೆ ಇರುವ ಅಚ್ಚಿಗೆ) ಸೇರಿದ್ದಲ್ಲ.

ಡೈ ವಿಷಯದಲ್ಲಿ ನನ್ನ ಕಣ್ಣೂ ಮೋಸ ಹೋಗಿದೆ. ಇಂಚಿನ ಲೆಕ್ಕದ ಪ್ಲಂಬಿಂಗ್ ತಾಮ್ರದಲ್ಲಿ ಅರ್ಧ ಇಂಚು ಅಂದರೆ ಹೊರ ಅಳತೆ 15.88 ಎಂಎಂ. ಎಸಿ ಕೆಲಸದ ತಾಮ್ರದಲ್ಲಿ ಅದೇ ಅರ್ಧ ಇಂಚು 12.7 ಎಂಎಂ. 15 ಎಂಎಂ ಪೈಪನ್ನು 15.88ರ ಡೈಯಲ್ಲಿ ಇಟ್ಟರೆ ಸರಿಯಾಗಿ ಕೂತ ಹಾಗೇ ಕಾಣುತ್ತದೆ. ಆದರೆ ಪಕ್ಕಕ್ಕೆ ಆಸರೆ ಸಿಗದೆ ಪೈಪ್ ಚಪ್ಪಟೆಯಾಗುತ್ತದೆ. ವರ್ನಿಯರ್ (ಅಳತೆ ಸಾಧನ) ಹಿಡಿದೇ ನೋಡಬೇಕು.

ಹಾಳಾದ ಬೆಂಡನ್ನು ನೆಟ್ಟಗೆ ಮಾಡಿ ಮತ್ತೆ ಬಗ್ಗಿಸುವ ಆಸೆ ಬೇಡ. ಬಗ್ಗಿದ ತಾಮ್ರ ಗಟ್ಟಿಯಾಗಿರುತ್ತದೆ. ಆ ನಾಲ್ಕರಲ್ಲಿ ಒಂದನ್ನು ಹಾಗೆ ಮಾಡಲು ಹೋಗಿ ಹೊರಮೈ ಸೀಳಿತು.

ಈಗ ಕೆಲಸ ಮುಗಿದ ಮೇಲೆ ಡೈ ಕಾಲುವೆಯನ್ನು ಒಣಬಟ್ಟೆಯಿಂದ ಒರೆಸುತ್ತೇನೆ. ಅಲ್ಲಿಗೆ ಎಣ್ಣೆ ಹಾಕುವುದಿಲ್ಲ, ಹಾಕಿದರೆ ಧೂಳು, ಲೋಹದ ಪುಡಿ ಅಂಟಿಕೊಳ್ಳುತ್ತದೆ. ಎಣ್ಣೆ ಏನಿದ್ದರೂ ನಡುವಿನ ಪಿನ್ನಿಗೆ, ರೋಲರ್ ಪಿನ್ನಿಗೆ ಒಂದೊಂದು ಹನಿ. ಕತ್ತರಿಸಿದ ಪೈಪಿನ ತುದಿಯಲ್ಲಿ ಏಳುವ ಚೂಪು ಮುಳ್ಳನ್ನು ಉಜ್ಜಿ ತೆಗೆಯದೆ ಬೆಂಡರಿಗೆ ಹಾಕುವುದಿಲ್ಲ. ಮುಳ್ಳು ಕಾಲುವೆಯಲ್ಲಿ ಒಂದು ಗೀರು ಎಳೆದರೆ, ಆಮೇಲೆ ಬರುವ ಪ್ರತಿ ಪೈಪಿನ ಮೇಲೂ ಅದೇ ಗೀರು.

ಬೆಳಿಗ್ಗೆ ಒಂದು ತುಂಡು ಪೈಪನ್ನು 90 ಡಿಗ್ರಿಗೆ ಬಗ್ಗಿಸಿ ಕೈ ಬಿಡುತ್ತೇನೆ. ಅದು ಎಷ್ಟು ಹಿಂದಕ್ಕೆ ಬರುತ್ತದೆಯೋ ಅಷ್ಟನ್ನು ಆವತ್ತು ಅದೇ ಪೈಪಿನ 90 ಡಿಗ್ರಿ ಬೆಂಡುಗಳಿಗೆಲ್ಲ ಸೇರಿಸಿ ಬಗ್ಗಿಸುತ್ತೇನೆ. ಆ ತುಂಡಿನ ಒಳಮೈ ಮೇಲೆ ಹೆಬ್ಬೆರಳು ಎಳೆಯುತ್ತೇನೆ. ಏನಾದರೂ ತಡೆದರೆ ಮೊದಲು ಹ್ಯಾಂಡಲ್ ಅಲ್ಲಾಡಿಸಿ ನೋಡುತ್ತೇನೆ, ಸ್ಕ್ರೂ ಆಮೇಲೆ.