ಹೆಸರಿನ ಬಾಲ ಕಳೆದುಹೋದಾಗ

ವಂಶಾವಳಿ ಬರೆಯಲು ಹಳೆಯ ಕಾಗದಪತ್ರಗಳನ್ನು ಹರವಿಕೊಂಡು ಕುಳಿತವರಿಗೆ ಬೇಗನೆ ಎದುರಾಗುವ ತೊಡಕೆಂದರೆ, ಬರೆದಿರುವ ಹೆಸರು ಗಂಡಸಿನದೋ ಹೆಂಗಸಿನದೋ ಎಂಬುದು. ನಮ್ಮ ಹಳೆಯ ಹೆಸರುಗಳಲ್ಲಿ ಬಹಳಷ್ಟು ಮನೆದೇವರಿಂದಲೋ ಊರದೇವರಿಂದಲೋ ಬಂದವು. ದೇವರು ಹೆಣ್ಣಾಗಿರಲಿ ಗಂಡಾಗಿರಲಿ, ಆ ಹೆಸರು ಮನೆಯ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಲ್ಲುತ್ತಿತ್ತು. ಸವದತ್ತಿಯ ಎಲ್ಲಮ್ಮನಿಗೆ ನಡೆದುಕೊಳ್ಳುವ ಮನೆಗಳಲ್ಲಿ ಮಗ ಯಲ್ಲಪ್ಪ, ಮಗಳು ಯಲ್ಲವ್ವ. ಹುಲಿಗಿಯ ಸೀಮೆಯಲ್ಲಿ ಹುಲಿಗೆಪ್ಪ ಮತ್ತು ಹುಲಿಗೆಮ್ಮ, ಕೊಡಗಿನಲ್ಲಿ ಕಾವೇರಪ್ಪ ಮತ್ತು ಕಾವೇರಮ್ಮ, ಹನುಮಂತನ ಒಕ್ಕಲಿನಲ್ಲಿ ಹನುಮಪ್ಪನ ಜೊತೆಗೆ ಹನುಮವ್ವ. ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ನಡೆದುಕೊಳ್ಳುವವರಲ್ಲಿ ಫಕೀರಪ್ಪ, ಫಕೀರವ್ವ ಎಂಬ ಹೆಸರುಗಳಿವೆ. ರಾಯಚೂರು, ಕೊಪ್ಪಳದ ಕಡೆ ಮೊಹರಂ ಅಲಾಯಿ ದೇವರಿಗೆ ಹರಕೆ ಹೊತ್ತು ಹುಟ್ಟಿದ ಹಿಂದೂ ಮಕ್ಕಳು ಹುಸೇನಪ್ಪ, ಹುಸೇನಮ್ಮ ಆದದ್ದೂ ಇದೇ ರೀತಿಯಲ್ಲಿ. ಹೆಸರಿನ ಬುಡ ಇಬ್ಬರಿಗೂ ಒಂದೇ. ಗಂಡು ಹೆಣ್ಣೆಂಬುದು ಗೊತ್ತಾಗುವುದು ಬಾಲದಿಂದ.

ಈ ಬಾಲದ ಅಧಿಕಾರ ಎಷ್ಟೆಂದರೆ, ಬುಡದಲ್ಲಿ ಅಕ್ಕ ಇದ್ದರೂ ಅಣ್ಣ ಇದ್ದರೂ ಅದಕ್ಕೆ ಲೆಕ್ಕವಿಲ್ಲ. 17ನೇ ಶತಮಾನದಲ್ಲಿ ಗೋಲ್ಕೊಂಡದ ಸುಲ್ತಾನನ ಬಳಿ ಅಧಿಕಾರ ನಡೆಸಿದ ಸಹೋದರರಲ್ಲಿ ಒಬ್ಬ ಮಾದಣ್ಣ, ಇನ್ನೊಬ್ಬ ಅಕ್ಕಣ್ಣ. ಬೆಂಗಳೂರಿನ ಗ್ರಾಮದೇವತೆಯ ಹೆಸರು ಅಣ್ಣಮ್ಮ. ಅಮ್ಮಯ್ಯ, ತಾಯಣ್ಣ ಎಂಬ ಹೆಸರಿನ ಗಂಡಸರು ನಮ್ಮ ಅಜ್ಜಂದಿರ ತಲೆಮಾರಿನಲ್ಲಿ ಊರೂರಿಗೂ ಇದ್ದರು. ಕೊನೆಯ ಪದವೊಂದನ್ನು ನೋಡಿದರೆ ಸಾಕು, ಸಂದೇಹ ಉಳಿಯುವುದಿಲ್ಲ.

ಆದರೆ ದಾಖಲೆಗಳಲ್ಲಿ ಮೊದಲು ಕಳೆದುಹೋಗುವುದೂ ಈ ಕೊನೆಯ ಪದವೇ. ಇದಕ್ಕೆ ಗುಮಾಸ್ತನ ಅವಸರವೊಂದೇ ಕಾರಣವಲ್ಲ. ಅಪ್ಪ, ಅಯ್ಯ, ಅಮ್ಮ ಎಂಬುವು ಮರ್ಯಾದೆಯ ಮಾತುಗಳೂ ಆಗಿದ್ದುದರಿಂದ, ಕೆಳಜಾತಿಯವರೆಂದು ಎಣಿಸಿದವರಿಗೆ ಮೇಲಿನವರು ಅವನ್ನು ಸೇರಿಸುತ್ತಿರಲಿಲ್ಲ. ಕರೆಯುವಾಗ ಹೇಗೋ ಬರೆಯುವಾಗಲೂ ಹಾಗೆಯೇ. ಹೀಗೆ ಮಾರಪ್ಪ ಮಾರನಾದ, ಮಾರಮ್ಮ ಮಾರಿಯಾದಳು. ಕೆಂಪಯ್ಯ ಕೆಂಪನಾದ, ಕೆಂಪಮ್ಮ ಕೆಂಪಿಯಾದಳು. ಇಲ್ಲಿ ಗಂಡು ಹೆಣ್ಣನ್ನು ಬೇರೆ ಮಾಡುವುದು ಕೊನೆಯ ಒಂದು ಸ್ವರ, ಅಂದರೆ ಒಂದು ಗುಡಿಸು ಮಾತ್ರ, ಮತ್ತು ಮಸಿ ಹರಡಿದ ಹಾಳೆಯಲ್ಲಿ ಗುಡಿಸನ್ನು ನಂಬುವುದು ಕಷ್ಟ. ಮೇಲ್ಜಾತಿಯ ಮನೆತನದವರು ತಮ್ಮ ವಂಶವನ್ನು ಸುಲಭವಾಗಿ ಹಿಂದಕ್ಕೆ ಓದಿಕೊಂಡು ಹೋಗುವುದಕ್ಕೂ ಉಳಿದವರು ಎರಡು ತಲೆಮಾರಿಗೇ ನಿಲ್ಲುವುದಕ್ಕೂ ಈ ಅಭ್ಯಾಸವೂ ಒಂದು ಕಾರಣವೆಂದು ನನ್ನ ಅನಿಸಿಕೆ.

ಇಂಥಲ್ಲಿ ನೆರವಿಗೆ ಬರುವುದು ಕಂದಾಯ ದಾಖಲೆಗಳ ಎರಡು ಪುಟ್ಟ ಪದಗಳು: ಬಿನ್ ಮತ್ತು ಕೋಂ. 'ದುರ್ಗ ಬಿನ್ ಹನುಮ' ಎಂದಿದ್ದರೆ ಹನುಮನ ಮಗ ದುರ್ಗ. 'ದುರ್ಗ ಕೋಂ ಹನುಮ' ಎಂದಿದ್ದರೆ ಹನುಮನ ಹೆಂಡತಿ, ಬಾಲ ಬಿಟ್ಟುಹೋದ ದುರ್ಗಮ್ಮ. ಆದ್ದರಿಂದ ನಾನು ಪಹಣಿಯಾಗಲಿ ಕ್ರಯಪತ್ರವಾಗಲಿ ಕೈಗೆ ಸಿಕ್ಕರೆ ಹೆಸರಿಗಿಂತ ಮೊದಲು ಹೆಸರುಗಳ ನಡುವಿನ ಪದವನ್ನು ಓದುತ್ತೇನೆ. ಬಿನ್ ಎಂಬುದನ್ನು ಮಾತ್ರ ಕಣ್ಣುಮುಚ್ಚಿ ನಂಬಬಾರದು; ತಂದೆಯ ಆಸ್ತಿ ಪಡೆದ ಮಗಳ ಹೆಸರಿನ ಮುಂದೆಯೂ ಅದನ್ನೇ ಬರೆದ ಪಹಣಿಗಳನ್ನು ನೋಡಿದ್ದೇನೆ. ಭೂಮಿ ಯೋಜನೆಯಲ್ಲಿ ಕಂಪ್ಯೂಟರಿಗೆ ಏರಿದ ಪಹಣಿಯಲ್ಲಿ ಹೆಸರು ಅನುಮಾನ ಹುಟ್ಟಿಸಿದರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ ಕೈಬರಹದ ಹಳೆಯ ಪಹಣಿಯ ನಕಲನ್ನು ಪಡೆದು ಹೋಲಿಸುವುದು ಒಳ್ಳೆಯದು.

ಇಂಗ್ಲಿಷ್ ಅಕ್ಷರದಲ್ಲಿ ಬರೆದ ದಾಖಲೆಗಳ ಪಾಡು ಇನ್ನೂ ಕಷ್ಟ, ಏಕೆಂದರೆ ಅಲ್ಲಿ ರಾಮನೂ ರಮೆಯೂ ಒಂದೇ, ಮಾರಿಯೂ ಮರಿಯೂ ಒಂದೇ, ಕೃಷ್ಣನಿಗೂ ಕೃಷ್ಣಾಬಾಯಿಗೂ ಮೊದಲರ್ಧದಲ್ಲಿ ವ್ಯತ್ಯಾಸವಿಲ್ಲ. ವಿಚಿತ್ರವೆಂದರೆ, 1860ರಿಂದ 1911ರವರೆಗೆ ಕರಾರಿನ ಮೇಲೆ ದಕ್ಷಿಣ ಆಫ್ರಿಕದ ನೆಟಾಲಿಗೆ ಹೋದ ಕೂಲಿಗಳ ಹಡಗು ಪಟ್ಟಿಗಳು ಈ ವಿಷಯದಲ್ಲಿ ನಮ್ಮ ಊರಿನ ದಾಖಲೆಗಳಿಗಿಂತ ಸ್ಪಷ್ಟವಾಗಿವೆ. ಮದ್ರಾಸಿನಿಂದ ಹೊರಟವರಲ್ಲಿ ಮೈಸೂರು ಸೀಮೆಯವರೂ ಇದ್ದರು. ಅವರ ಹೆಸರನ್ನು ಬರೆದವನು ಎಷ್ಟೇ ಕೆಡಿಸಿರಲಿ, ಪಕ್ಕದಲ್ಲಿ ತಂದೆಯ ಹೆಸರು, ವಯಸ್ಸು, ಜಾತಿ, ಊರುಗಳ ಜೊತೆಗೆ ಗಂಡೋ ಹೆಣ್ಣೋ ಎಂಬುದಕ್ಕೂ ಒಂದು ಕಲಂ ಇರುತ್ತದೆ. ಕೂಲಿಗೆ ಗಂಡಾಳು ಹೆಣ್ಣಾಳಿನ ಲೆಕ್ಕ ಬೇಕಾಗಿತ್ತು, ಅಷ್ಟೆ.

ಗಂಡು ಹೆಣ್ಣು ತಪ್ಪಿದರೆ ಆಗುವ ಅನರ್ಥ ಎಲ್ಲ ಕಡೆಯೂ ಒಂದೇ ಸಮನಲ್ಲ. ಗಂಡುಸಂತಾನದ ಸಾಲನ್ನೇ ಹಿಡಿದು ಹೋಗುವ ಮನೆತನಗಳಲ್ಲಿ ಒಬ್ಬ ಅತ್ತೆ ದೊಡ್ಡಪ್ಪನಾಗಿ ಸೇರಿಕೊಂಡರೆ ಮಕ್ಕಳಿಲ್ಲದ ಒಂದು ಕವಲು ಹೆಚ್ಚಾಗುತ್ತದೆ. ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ಹಾಗಲ್ಲ: ಅಲ್ಲಿ ಕುಟುಂಬ ಬೆಳೆಯುವುದು ಹೆಣ್ಣಿನಿಂದ, ಗಂಡಸಿನ ಮಕ್ಕಳು ಅವರ ತಾಯಿಯ ಕುಟುಂಬಕ್ಕೆ ಸೇರುತ್ತಾರೆ. ದುಗ್ಗಮ್ಮನನ್ನು ದುಗ್ಗಣ್ಣನೆಂದು ಓದಿದರೆ ಅವಳಿಂದ ಇಳಿದುಬಂದ ಕವಲಿಗೆ ಕವಲೇ ಆ ವಂಶಾವಳಿಯಿಂದ ಹೊರಗೆ ಬೀಳುತ್ತದೆ.

ಉತ್ತರ ಕರ್ನಾಟಕದಲ್ಲಿ ಮನೆಮನೆಗೆ ಬಂದು ವಂಶ ಹೊಗಳುವ ಹೆಳವರನ್ನು ಕೇಳುವುದು ಇನ್ನೊಂದು ದಾರಿ. ಅವರು ಹೆಸರನ್ನು ಬಾಯಿತುಂಬ, ಬಾಲ ಸಮೇತ ಹೇಳುತ್ತಾರೆ. ಹೆಣ್ಣುಮಕ್ಕಳ ವಿಷಯಕ್ಕೆ ಬಂದಾಗ ನಾವೇ ನಿಲ್ಲಿಸಿ ಕೇಳಬೇಕಾಗುತ್ತದೆ. ಹಾಗೆ ತಿಳಿದದ್ದನ್ನು ನಾನು ದಾಖಲೆಯಲ್ಲಿದ್ದ ಹೆಸರಿನ ಮೇಲೆ ತಿದ್ದುವುದಿಲ್ಲ. 'ದುರ್ಗ' ಎಂದಿದ್ದುದನ್ನು ದುರ್ಗ ಎಂದೇ ಇಟ್ಟು, ದುರ್ಗಮ್ಮ ಎಂಬುದನ್ನು ಯಾರ ಮಾತಿನ ಮೇಲೆ ಬರೆದೆನೆಂಬ ಟಿಪ್ಪಣಿಯೊಡನೆ ಪಕ್ಕದ ಕಲಂನಲ್ಲಿ ಹಾಕುತ್ತೇನೆ. ವಂಶವೃಕ್ಷದ ಸಾಫ್ಟ್‌ವೇರುಗಳು ಹೆಸರು ಸೇರಿಸಿದ ಕೂಡಲೇ ಗಂಡೋ ಹೆಣ್ಣೋ ಎಂದು ಕೇಳುತ್ತವೆ. ಬಿನ್, ಕೋಂ, ಹೆಳವರ ಮಾತು, ಈ ಮೂರರಲ್ಲಿ ಒಂದೂ ಸಿಗದ ಹೆಸರಿಗೆ 'ತಿಳಿಯದು' ಎಂಬುದನ್ನೇ ಒತ್ತಿ ಮುಂದಿನ ಹೆಸರಿಗೆ ಹೋಗುತ್ತೇನೆ.