ಸನ್ನತಿಗೆ ಹೋಗಿ ಬಂದ್ವಿ

ನಿನ್ನೆ ಮುಂಜಾನೆ ರೊಟ್ಟಿ ಬುತ್ತಿ ಕಟ್ಕೊಂಡು ಕಲಬುರಗಿಯಿಂದ ಸನ್ನತಿಗೆ ಹೋಗಿದ್ವಿ, ಅವ್ವಗ ಚಂದ್ರಲಾಂಬ ದರ್ಶನ ಆಗ್ಬೇಕಿತ್ತು, ನನಗ ಅಲ್ಲೇ ಹತ್ರ ಇರೋ ಕನಗನಹಳ್ಳಿ ಬೌದ್ಧ ಸ್ತೂಪ ನೋಡದಿತ್ತು. ಬಿಸಿಲು ಅಂದ್ರ ಬಿಸಿಲು! ಅಲ್ಲಿ ಸಿಕ್ಕ ಒಂದು ಕಲ್ಲಾಗ ಅಶೋಕ, ಪಕ್ಕಕ್ಕ ರಾಣಿ, ಹಿಂದ ಛತ್ರಿ ಚಾಮರ ಹಿಡದ ಹೆಣ್ಮಕ್ಕಳು, ಬ್ರಾಹ್ಮಿ ಲಿಪಿಯೊಳಗ 'ರಾಯ ಅಸೋಕೋ' ಅಂತ ಹೆಸರು ಬ್ಯಾರೆ ಕೆತ್ತ್ಯಾರ. ಸಾಲ್ಯಾಗ ಓದಿದ ಅಶೋಕಗ ನಮ್ಮ ಭೀಮಾ ದಂಡ್ಯಾಗ ಮಾರಿ ಸಿಕ್ಕದ ನೋಡ್ರಿ.

ಸನ್ನತಿ ಕಾಳಿ ಗುಡಿದು ಇನ್ನೊಂದು ಕಥಿ, 1986ರಾಗ ಮಾಳಿಗಿ ಬಿದ್ದಾಗ ಗೊತ್ತಾತು, ಮೂರ್ತಿ ಕೆಳಗ ಪೀಠ ಆಗಿದ್ದಿದ್ದು ಅಶೋಕನ ಶಾಸನದ ಕಲ್ಲು, ನಡುವ ಚೌಕ ತೂತು ಕೊರದು ಮೂರ್ತಿ ನಿಲ್ಸಿದ್ರು. ಅಕ್ಷರ ಹೋದವಲ್ಲ ಅಂತ ನಾನು ಹಳಹಳಸಿದ್ರ ಅವ್ವ, ತಾಯಿ ಕಾಲ ಬುಡಕಿತ್ತಂತ ಇಷ್ಟರ ಉಳದದ, ಇಲ್ಲಂದ್ರ ಯಾರ್ದೋ ಮನಿ ಹೊಸ್ತಿಲಾಗ್ತಿತ್ತು ಅಂದ್ಳು.